ಉಗುರು ಮೊದಲೋ, ಕಾಗದ ಮೊದಲೋ

ಬೆಂಗಳೂರಿನಲ್ಲಿ ಕಬ್ಬಿಗೆ ಗೆಜ್ಜೆ ಕಟ್ಟುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ ಕೆಳಗೆ ಝಲ್ ಝಲ್ ಸದ್ದು ಕೇಳಿ, ಎತ್ತಿನ ಗಾಡಿ ಬರುತ್ತಿದೆಯೆಂದು ದಾರಿ ಬಿಟ್ಟು ನಿಂತಿದ್ದೆ. ಎತ್ತು ಬರಲಿಲ್ಲ. ಮೆಟ್ರೊ ಕಂಬದ ನೆರಳಿನಲ್ಲಿ ಒಂದು ತಳ್ಳುಗಾಡಿ, ಅದರ ಮಗ್ಗುಲಿಗೆ ಎಂಜಿನ್ ತಿರುಗಿಸುವ ದೊಡ್ಡ ಚಕ್ರ, ಚಕ್ರದ ತುಂಬ ಗೆಜ್ಜೆ. ಹೆಂಗಸೊಬ್ಬರು ಕಬ್ಬಿನ ಜಲ್ಲೆಯನ್ನು ರೋಲರಿಗೆ ಕೊಡುತ್ತಿದ್ದರು.

ನಾನು ಮುಧೋಳದವಳು. ನಮ್ಮಲ್ಲಿ ಕಬ್ಬು ಅಂದರೆ ದಿಕ್ಕು ಕಾಣದಷ್ಟು ಹಸಿರು, ಗಾಣದ ಗುಡುಗು, ಕೊಪ್ಪರಿಗೆಯಿಂದೇಳುವ ಬೆಲ್ಲದ ಹಬೆ. ಇಲ್ಲಿ ಅದೇ ಕಬ್ಬು ಕಂಬಕ್ಕೊರಗಿ ನಿಂತು, ನಿಂಬೆಹಣ್ಣು ಶುಂಠಿಯ ಜೊತೆ ಲೋಟಕ್ಕಿಳಿಯುತ್ತದೆ. ಆ ದಿನ ಕುಡಿದಾಗ ನನ್ನೂರಿನವರೊಬ್ಬರು ವೇಷ ಹಾಕಿಕೊಂಡು ಎದುರು ಬಂದು ನಿಂತಂತೆನಿಸಿತು.

ತುಮಕೂರು ರಸ್ತೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿದ್ಯಾರಣ್ಯಪುರದಲ್ಲಿ ಬಾಡಿಗೆ ಮನೆ. ಮಾಲೀಕರು ಇಲ್ಲಿಯ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತು ಎಬ್ಬಿಸಿದ್ದಾರೆ. ಹಿತ್ತಲಿನ ದನದ ಕೊಟ್ಟಿಗೆಯನ್ನು ಮಾತ್ರ ಕೆಡವಿಲ್ಲ. ಬೀದಿ ಎಷ್ಟು ಶಾಂತವೆಂದರೆ ಭಾನುವಾರ ನನ್ನ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಬಂದು ಏನಾಯಿತೆಂದು ವಿಚಾರಿಸಿದ್ದರು. ಮಾತಿಗೆ ಹಸಿದಾಗಲೆಲ್ಲ ಆ ಕಬ್ಬಿನ ಗಾಡಿಯ ಹತ್ತಿರ ನಿಲ್ಲತೊಡಗಿದೆ. ಗಾಡಿಯ ಮಂಜಕ್ಕ ನನ್ನ ‘ಹೌದ್ರಿ’ಯನ್ನು ಅಣಕಿಸುತ್ತಿದ್ದರು. ಅವರು ‘ಹಾಗೆ’ಯನ್ನು ‘ಅಂಗೆ’ ಅಂದಾಗ ನಾನು ನಗುತ್ತಿದ್ದೆ. ಈ ಊರಿನಲ್ಲಿ ನನ್ನವರೆಂದು ಮೊದಲು ಸಿಕ್ಕವರೆಂದರೆ ಅವರೇ.

ಅದು ನಡೆದದ್ದು ಒಂದು ಮಧ್ಯಾಹ್ನ. ನಾನು ಲೋಟಕ್ಕೆ ಕಾಯುತ್ತಿದ್ದೆ. ಮಂಜಕ್ಕ ಬಲಗೈಯಲ್ಲಿ ಜಲ್ಲೆ ಕೊಡುತ್ತ, ಆಚೆ ಕಡೆ ಬರುವ ಸಿಪ್ಪೆಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಜಲ್ಲೆಯ ಗಿಣ್ಣು ಸಿಕ್ಕಿಕೊಂಡಿತು. ಅದನ್ನು ಒತ್ತಿದರು. ಬೆರಳು ರೋಲರಿಗೆ ಸಿಕ್ಕಿತು, ಬಳೆ ಗಾಡಿಗೆ ಬಡಿದು ಒಡೆದ ಸದ್ದು. ಆಮೇಲೆ ನಾನಿದನ್ನು ಎಷ್ಟು ಸಲ ನೋಡಿದ್ದೇನೋ, ಮಲಗಿದಾಗ, ಪಾಠದ ನಡುವೆ, ಬಸ್ಸಿನ ಕಿಟಕಿಯ ಗಾಜಿನಲ್ಲಿ. ಪ್ರತಿ ಸಲವೂ ಅವರು ಹಿಂದಕ್ಕೆ ಸರಿಯುವುದಿಲ್ಲ. ಮೈಯೆಲ್ಲ ಮುಂದಕ್ಕೆ ಬಾಗಿ ಹೊಟ್ಟೆ ಗಾಡಿಗೆ ಒತ್ತಿಕೊಳ್ಳುತ್ತದೆ. ಗೆಜ್ಜೆ ಮಾತ್ರ ಮೊದಲಿನ ಹಾಗೇ ಹಾಡುತ್ತಿರುತ್ತದೆ.

“ಗುರೂ, ಆಫ್ ಮಾಡು!” ಎಂದು ಆಟೋದವನೊಬ್ಬ ಕೂಗಿದ. ನಮ್ಮಲ್ಲಿ ಗುರು ಅಂದರೆ ಮಠದಲ್ಲಿರುವವರು, ಇಲ್ಲಿ ಎದುರಿಗಿರುವ ಯಾರಾದರೂ ಗುರು. ಕೂಗಿದವನೇ ಓಡಿಬಂದು ಎಂಜಿನ್ ನಿಲ್ಲಿಸಿದ. ಗೆಜ್ಜೆ ನಿಂತಿತು, ಕೈ ಒಳಗೇ ಉಳಿಯಿತು. ಆ ನಿಶ್ಶಬ್ದದಲ್ಲಿ ಮಂಜಕ್ಕ ಮೆಲ್ಲಗೆ, ಮಗು ಮಲಗಿರುವ ಮನೆಯಲ್ಲಿ ಮಾತಾಡಿದಂತೆ, “ಚಕ್ರ ಇಂದಕ್ಕೆ ತಿರುಗ್ಸಪ್ಪ” ಅಂದರು. ತಿರುಗಿಸಿದ. ಬೆರಳುಗಳು ಉಳಿದವು. ಎರಡರ ತುದಿ ಜಜ್ಜಿ ಉಗುರುಗಳು ಕಪ್ಪಾಗಿ, ಆಮೇಲೆ ಬಿದ್ದುಹೋದವು.

ಮಂಜಕ್ಕ ಬೇಗ ಗಾಡಿಗೆ ಮರಳಿದರು. ನಾನು ಮರಳಲಿಲ್ಲ. ಅದರ ಬದಲು ಕಬ್ಬು ಅರೆಯುವ ಒಂದು ಹಳೇ ಯಂತ್ರ ತಂದು ಮಾಲೀಕರ ಕೊಟ್ಟಿಗೆಯಲ್ಲಿಟ್ಟುಕೊಂಡೆ. ಹಸು ಕಟ್ಟುತ್ತಿದ್ದ ಜಾಗದಲ್ಲಿ ಕಬ್ಬಿಣ ಕಟ್ಟಿದ್ದೀರಲ್ಲ, ಹಾಲು ಯಾವಾಗ ಕೊಡುತ್ತದೆ ಎಂದು ಅವರು ಕೇಳುತ್ತಿದ್ದರು. ನಾನು ಅದಕ್ಕೆ ಕೂಡಿಸಿದ್ದು ಹೊಟ್ಟೆಯ ಎತ್ತರಕ್ಕೊಂದು ಸರಳು, ಸರಳಿಗೊಂದು ಸ್ಪ್ರಿಂಗ್. ಮೈ ಸರಳಿಗೆ ಒತ್ತಿದ ಕೂಡಲೇ ಬೆಲ್ಟ್ ಸಡಿಲವಾಗಿ ರೋಲರ್ ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಅರ್ಧ ಸುತ್ತು ಹಿಂದಕ್ಕೆ ತಿರುಗಿ ಕೈಯನ್ನು ಬಿಟ್ಟುಕೊಡುತ್ತದೆ. ಆರ್.ಟಿ. ನಗರದ ಸುಜಾತಾ ಮೇಡಂ ಎಂಬ ಪೇಟೆಂಟ್ ಏಜೆಂಟರು, ಯಾರಿಗೂ ತೋರಿಸುವ ಮೊದಲು ಅರ್ಜಿ ಹಾಕಬೇಕೆಂದು ಹೇಳಿ ಹಾಕಿಸಿದರು.

ಆಮೇಲಷ್ಟೇ ಅದನ್ನು ಯಶವಂತಪುರದಲ್ಲಿ ಕಬ್ಬಿನ ಗಾಡಿ ಮಾಡುವ ಲೋಕೇಶ್ ಅವರಿಗೆ ತೋರಿಸಿದೆ. ಅವರು ಸರಳನ್ನು ಒತ್ತಿ ಒತ್ತಿ ನೋಡಿದರು, ಮಕ್ಕಳ ಹಾಗೆ. “ಚೆನ್ನಾಗಿದೆ ಮೇಡಂ. ಆದ್ರೆ ನಾನು ಹಾಕಿದ್ ತಿಂಗಳಿಗೆ ಪಕ್ಕದೋನು ತಗಡಿನ ಸ್ಪ್ರಿಂಗ್ ಹಾಕಿ ಇದನ್ನೇ ಮಾರ್ತಾನೆ. ಅದು ಯಾರ್ದೋ ಕೈ ಬಿಡ್ಲಿಲ್ಲ ಅಂದ್ರೆ ಆಮೇಲೆ ನನ್ನ ಸರಳನ್ನೂ ಯಾರೂ ನಂಬಲ್ಲ. ಪೇಟೆಂಟ್ ತನ್ನಿ, ಈ ಬೇಸಿಗೆ ಗಾಡಿಗಳಿಗೆಲ್ಲ ಹಾಕ್ತೀನಿ.”

ಬೇಸಿಗೆಯ ಗಾಡಿಗಳೆಲ್ಲ ಶಿವರಾತ್ರಿಯೊಳಗೆ ಸಿದ್ಧವಾಗಬೇಕು. ಪೇಟೆಂಟ್ ಅಂದರೆ ವರ್ಷಗಟ್ಟಲೆ ಸರತಿ ಎಂದು ಕೇಳಿದ್ದ ನಾನು ಕೈಚೆಲ್ಲಿ ಸುಜಾತಾ ಮೇಡಂ ಎದುರು ಕೂತೆ. ಅವರು ನಕ್ಕರು. ಸರ್ಕಾರ ತ್ವರಿತ ಪರೀಕ್ಷೆ ಎಂಬ ಬೇರೊಂದು ಸಾಲು ಮಾಡಿದೆ, ಸ್ಟಾರ್ಟಪ್‌ಗಳಿಗೆ, ಇನ್ನೂ ಕೆಲವರಿಗೆ, ಅರ್ಜಿದಾರಳು ಹೆಣ್ಣಾಗಿದ್ದರೆ ಅವಳಿಗೂ ಅದರಲ್ಲಿ ಜಾಗವುಂಟು ಎಂದರು. ಹೆಣ್ಣಾದದ್ದಕ್ಕೆ ಒಂದು ಸಾಲಿನಲ್ಲಿ ಮುಂದೆ ನಿಂತದ್ದು ನನ್ನ ನೆನಪಿನಲ್ಲಿ ಅದೇ ಮೊದಲು. “ಬೇಗ ಅಂದ್ರೆ ಸುಲಭ ಅಂತಲ್ಲಮ್ಮ,” ಅಂದರು ಮೇಡಂ. “ಪ್ರಶ್ನೆಗಳೂ ಬೇಗ ಬರ್ತವೆ.”

ಈ ಸುದ್ದಿ ಹೇಳಲು ಮತ್ತೆ ಗಾಡಿಯ ಹತ್ತಿರ ಹೋದೆ, ಸ್ವಲ್ಪ ದೂರದಲ್ಲೇ ನಿಂತೆ. ಮಂಜಕ್ಕ ಬೋಳು ಬೆರಳುಗಳನ್ನು ಎತ್ತಿ ತೋರಿಸಿದರು. “ನೋಡಾನ ಬುಡಿ, ನಿಮ್ ಕಾಗ್ದ ಮೊದ್ಲು ಬತ್ತದೋ, ನನ್ ಉಗುರು ಮೊದ್ಲು ಬತ್ತದೋ.”

ಅಲ್ಲಿಂದ ಮುಂದಿನ ತಿಂಗಳುಗಳು ನೀರಿನೊಳಗೆ ನಡೆದಂತೆ ಸಾಗಿದವು. ಬೆಳಿಗ್ಗೆ ಅರ್ಜಿಯ ಸ್ಥಿತಿ ನೋಡುವುದು, ಸಂಜೆ ಮಂಜಕ್ಕನ ಬೆರಳು ನೋಡುವುದು. ಉಗುರಿನ ಬುಡದಲ್ಲಿ ಚಂದ್ರನ ಚೂರಿನಂಥ ಬಿಳುಪು ಕಾಣಿಸಿಕೊಂಡ ವಾರವೇ ಪೇಟೆಂಟ್ ಕಚೇರಿಯ ಪರೀಕ್ಷಾ ವರದಿಯೂ ಬಂತು. ರಬ್ಬರ್ ಹಾಳೆ ಒತ್ತುವ ಯಂತ್ರಕ್ಕೆ ಇಂಥದೇ ಸರಳು ಎಂದೋ ಬಂದಿದೆ, ಒತ್ತಿದರೆ ನಿಲ್ಲುತ್ತದೆ, ಹಾಗಾದರೆ ನಿಮ್ಮದರಲ್ಲಿ ಹೊಸದೇನು ಎಂದು ಕೇಳಿದ್ದರು. ಉತ್ತರ ಬರೆದೆವು. ಸಾಲದಾಯಿತು. ವೀಡಿಯೊ ವಿಚಾರಣೆಗೆ ಕರೆ ಬಂತು.

ಸಾಮಾನ್ಯ ಸಾಲಿನಲ್ಲಿದ್ದರೆ ಈ ಕರೆ ಬರಲು ವರ್ಷಗಳಾಗಿ, ಅಷ್ಟು ಹೊತ್ತಿಗೆ ನಾನು ಆ ಮಧ್ಯಾಹ್ನವನ್ನು ಮರೆತಿರುತ್ತಿದ್ದೆನೇನೋ. ಈ ಸಾಲು ಮರೆಯಲು ಬಿಡಲಿಲ್ಲ. ಪರದೆಯ ಮೇಲೆ ಯಾವುದೋ ಊರಿನ ಅಧಿಕಾರಿ, ಕನ್ನಡಕ, ಮೆದು ದನಿ. ಸುಜಾತಾ ಮೇಡಂ ಕಾನೂನಿನ ಮಾತು ಮುಗಿಸಿದರು. ಅಧಿಕಾರಿ ನನ್ನನ್ನೇ ಕೇಳಿದರು: ಸರಳು ಹೊಟ್ಟೆಯ ಮಟ್ಟದಲ್ಲೇ ಯಾಕೆ, ನಿಂತರೆ ಸಾಲದೆ ಹಿಂದಕ್ಕೆ ಯಾಕೆ ತಿರುಗಬೇಕು?

ಗೆಜ್ಜೆ ಕೇಳಿಸತೊಡಗಿತು. ಮೊದಲ ಬಾರಿಗೆ ನಾನದನ್ನು ತಡೆಯಲಿಲ್ಲ. ಎರಡೂ ಕೈಗಳಿಗೆ ಕೆಲಸವಿರುತ್ತದೆ ಎಂದೆ. ಕೈ ಸಿಕ್ಕಿದಾಗ ಮೈ ಮುಂದಕ್ಕೇ ಬಾಗುತ್ತದೆ ಎಂದೆ. ರಬ್ಬರಿನ ಯಂತ್ರ ನಿಂತಾಗ ಕೈ ಒಳಗೇ ಇರುತ್ತದೆ, ಚಕ್ರ ತಿರುಗಿಸಲು ಇನ್ನೊಬ್ಬರು ಬೇಕು, ತಳ್ಳುಗಾಡಿಯಲ್ಲಿ ಆ ಇನ್ನೊಬ್ಬರಿರುವುದಿಲ್ಲ ಎಂದೆ.

ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

“ನೋಡಿದ್ದೇನೆ ಸರ್,” ಅಂದೆ. “ಇನ್ನೂ ನೋಡ್ತಾ ಇದ್ದೇನೆ.”

ಅಧಿಕಾರಿ ಎದುರಿನ ಕಾಗದದಲ್ಲಿ ಏನನ್ನೋ ಗುರುತು ಹಾಕಿಕೊಂಡರು. ಆಮೇಲೆ ಅವರು, ಇದನ್ನು ಹೀಗೆಯೇ ಬರೆದು ಕಳಿಸಿ ಎಂದರು.

ಉಂಗುರದ ಬೆರಳಿನ ಉಗುರು ಮೊದಲು ಬಂತು, ಸ್ವಲ್ಪ ಸೊಟ್ಟಗೆ. ಅದರ ಹಿಂದೆಯೇ ಪೇಟೆಂಟ್. ನಡುಬೆರಳಿನದು ಇವತ್ತಿಗೂ ಬಂದಿಲ್ಲ. ಹಾಗಾಗಿ ಗೆದ್ದವರು ಯಾರೆಂಬ ಜಗಳ ನಮ್ಮಲ್ಲಿನ್ನೂ ಮುಗಿದಿಲ್ಲ. ಲೋಕೇಶ್ ಮಾತು ಉಳಿಸಿಕೊಂಡರು. ಶಿವರಾತ್ರಿಗೆ ಅವರ ಅಂಗಡಿ ಮುಂದೆ ನಿಂತ ಹೊಸ ಗಾಡಿಗಳಿಗೆಲ್ಲ ಸರಳಿತ್ತು. ಮಂಜಕ್ಕನ ಹಳೇ ಗಾಡಿಗೆ ಅದಕ್ಕೂ ಮೊದಲೇ.

ಹಬ್ಬ ಮುಗಿಸಿ ಮುಧೋಳಕ್ಕೆ ಹೋದೆ. ಕಾಕಾನ ಗಾಣ ಎಂದಿನಂತೆ ಗುಡುಗುತ್ತಿತ್ತು. ಅದರ ಹಬೆಯಲ್ಲಿ ಬೆಳೆದ ನಾನು ಬೇಲಿಯ ಹತ್ತಿರವೇ ನಿಂತುಬಿಟ್ಟೆ. ಕಬ್ಬು ಕೊಡುವ ಆಳಿನ ಹೊಟ್ಟೆಯ ಮುಂದೆ ಏನೂ ಇರಲಿಲ್ಲ.

“ಯಾಕಲ್ಲೇ ನಿಂತೀ, ಬಾ ಮುಂದ,” ಅಂದ ಕಾಕಾ. ಮಂಜಕ್ಕನ ಬೆರಳಿನ ಕತೆ, ಸರಳಿನ ಕತೆ ಹೇಳಿದೆ. ಕೇಳಿಸಿಕೊಂಡು, ಬೆವರು ಒರೆಸಿಕೊಂಡು ಕೇಳಿದ: “ನಿಮ್ಮ ಊರಾಗ ಮಾಡಿದ್ದು ನಮ್ಮ ಗಾಣಕ್ಕ ಹತ್ತೂದಿಲ್ಲೇನು?” ಹೊಂದುವುದಿಲ್ಲ. ಆ ರೋಲರ್ ದೊಡ್ಡದು, ಅದರ ವೇಗ ಬೇರೆ. ಮತ್ತೆ ಮೊದಲಿನಿಂದ ಮಾಡಬೇಕು. ಬೇಲಿ ದಾಟಿ ಹೋಗಿ ಅಳತೆ ತೆಗೆದುಕೊಂಡೆ.

ನಿನ್ನೆ ನಾಗಸಂದ್ರದಲ್ಲಿಳಿದಾಗ ಮಂಜಕ್ಕ ದೂರದಿಂದಲೇ ಕೂಗಿದರು: “ಯಾವಾಗ್ ಬಂದ್ರಿ ನಿಮ್ಮೂರಿಂದ?” ಜಲ್ಲೆ ಕೊಡುತ್ತಲೇ, ಗಿರಾಕಿಗಳಿಗೆಲ್ಲ ತೋರಿಸುವ ಹಾಗೆ, ಹೊಟ್ಟೆಯಿಂದ ಸರಳು ಒತ್ತಿದರು. ಗೆಜ್ಜೆ ನಿಂತಿತು. ನಾನೂ ಇದ್ದಲ್ಲೇ ನಿಂತೆ. ಆಮೇಲೆ ಚಕ್ರ ಅರ್ಧ ಸುತ್ತು ಹಿಂದಕ್ಕೆ ಬಂದು ಝಲ್ ಅಂದಿತು. ಅದು ಕೇಳಿದ ಮೇಲೆಯೇ ನಾನು ಹತ್ತಿರ ಹೋಗಿ ಲೋಟ ಹಿಡಿಯುವುದು. ಕುಡಿಯುತ್ತ ನಿಂತೆ. ಚೀಲದೊಳಗೆ ಕಾಕಾನ ಗಾಣದ ಅಳತೆಯಿತ್ತು. ಅಲ್ಲಿ ಆ ಹೊತ್ತಿಗೆ ಯಾರೋ ಸರಳಿಲ್ಲದ ಗಾಣಕ್ಕೆ ಕಬ್ಬು ಕೊಡುತ್ತಿದ್ದರು.