ಗುಂಡಣ್ಣನ ಅರ್ಧ ಟ್ರಿಪ್ಪು

ಕೆಟ್ಟು ಕೂತ ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಅನ್ನ. ಮನೆಯಲ್ಲಿ ರಂಪ ಮಾಡಿ, ರಿಪೇರಿಗೆ ತಂದ ಕೂಡಲೇ ಸಾಧುವಾಗಿಬಿಡುತ್ತವಲ್ಲ, ಅವನ್ನು ಕಂಡರೆ ಮೈ ಉರಿಯುತ್ತದೆ. ಗುಂಡಣ್ಣನ ಕಂಪ್ಯೂಟರ್ ಅಂಥದ್ದು. ಅದು ಕೈಕೊಡುತ್ತಿದ್ದದ್ದೂ ಒಂದೇ ಜಾಗದಲ್ಲಿ, ಕಾಟಿಕುಳಂ ದಾಟಿ ಬಾವಲಿಗೆ ಹೋಗುವ ಕಾಡಿನ ತಿರುವಿನಲ್ಲಿ. ಕಂಪ್ಯೂಟರಿಗೆಲ್ಲಿಯ ತಿರುವು ಎನ್ನುತ್ತೀರಿ. ಹೇಳುತ್ತೇನೆ.

ಗುಂಡಣ್ಣ ಮಾನಂದವಾಡಿ–ಬಾವಲಿ ಖಾಸಗಿ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಕಾಡಂಚಿನ ಆದಿವಾಸಿ ಹಾಡಿಯವರು. ಅಪ್ಪ ಜೇನು ಕೀಳುತ್ತಿದ್ದರು, ಅಣ್ಣಂದಿರಿಗೆ ಅರಣ್ಯ ಇಲಾಖೆಯಲ್ಲಿ ಕೂಲಿ. ಹಾಡಿಯಲ್ಲಿ ಮೊದಲು ಹೆವಿ ಲೈಸೆನ್ಸ್ ಮಾಡಿಸಿದ್ದು ಇವರೇ. ಮನೆಯಲ್ಲಿ ಕನ್ನಡ, ಬಸ್ ಸ್ಟ್ಯಾಂಡಿನಲ್ಲಿ ಮಲಯಾಳ, ಎಲ್ಲಿದ್ದರೂ ಅವರ ಬಾಯಲ್ಲಿ ಮೊದಲು ಬರುವುದು ಒಂದು ಪ್ರಶ್ನೆ: "ಅದ್ಯಾಕೆ?" ಆಸ್ಪತ್ರೆಗೆ ಹೊರಟವರನ್ನು ಹಿಡಿದು, ತೋಳಿಗೆ ಚುಚ್ಚಿದರೆ ಕಾಲಿನ ನೋವು ಅದ್ಯಾಕೆ ಹೋಗುತ್ತದೆ ಎಂದು ವಿಚಾರಿಸುತ್ತಿದ್ದರು. ಶಾಲೆಗೆ ಹೋಗುತ್ತಿದ್ದ ನನ್ನನ್ನು, ಮ್ಯಾಪಿನಲ್ಲಿ ಉತ್ತರ ದಿಕ್ಕು ಅದ್ಯಾಕೆ ಯಾವಾಗಲೂ ಮೇಲೆ ಎಂದು ಕೇಳಿದ್ದರು. ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಅವರ ಎಡಗಣ್ಣು ಹೋಯಿತು. ಬಲಗಣ್ಣಿದೆ, ಆದರೆ ಆಮೇಲೆ ಬಸ್ಸು ಹತ್ತಲಿಲ್ಲ. ಜಗಲಿಯಲ್ಲಿ ಕೂತು, ದೂರದ ಬಸ್ಸಿನ ಸದ್ದು ಕೇಳಿಯೇ ಅದು ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದರಂತೆ. ಅದನ್ನು ನೋಡಲಾರದೆ ಅವರ ಹಳೇ ಕಂಡಕ್ಟರ್ ಸುಮೇಶ್, ಮೀನಂಗಡಿಯಲ್ಲಿ ಬಾಗಿಲು ಹಾಕುತ್ತಿದ್ದ ಸ್ಟುಡಿಯೋದಿಂದ ಒಂದು ಕಂಪ್ಯೂಟರ್ ತಂದ. ಅದಕ್ಕೆ ಬಸ್ಸು ಓಡಿಸುವ ಆಟ ಹಾಕಿ, ಪ್ಲಾಸ್ಟಿಕ್ಕಿನ ಸ್ಟಿಯರಿಂಗು, ಪೆಡಲು ಜೋಡಿಸಿಕೊಟ್ಟ. ಬಸ್ಸಿನ ಹುಚ್ಚು ಹಿಡಿದ ಯಾರೋ ಪುಣ್ಯಾತ್ಮರು ನಮ್ಮ ಬಾವಲಿ ರಸ್ತೆಯನ್ನೇ, ಒಂದು ತಿರುವೂ ಬಿಡದೆ, ಆ ಆಟದೊಳಗೆ ಕಟ್ಟಿಟ್ಟಿದ್ದರು.

ಗುಂಡಣ್ಣನಿಗೆ ಬೇಕಾಗಿದ್ದು ಇಷ್ಟೇ. ಮಾನಂದವಾಡಿಯಿಂದ ಹೊರಟು ಬಾವಲಿ ಮುಟ್ಟಬೇಕು, ಒಂದು ಪೂರ್ತಿ ಟ್ರಿಪ್ಪು. ಆದರೆ ಪ್ರತಿ ಸಲ ಆ ಕಾಡಿನ ತಿರುವಿಗೆ ಬರುವಷ್ಟರಲ್ಲಿ ಫ್ಯಾನು ಕೂಗಾಡಿ, ಪರದೆ ಕಪ್ಪಾಗಿ, ಕಂಪ್ಯೂಟರ್ ಆರಿಹೋಗುತ್ತಿತ್ತು.

ಅವರ ಹೆಂಡತಿ ಸೀತಕ್ಕ ಕಂಪ್ಯೂಟರಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ಜೀಪು ಹತ್ತಿ ಕಾಟಿಕುಳದ ನನ್ನ ಅಂಗಡಿಗೆ ತಂದರು. ಬಿಚ್ಚಿ ನೋಡಿದೆ. ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಯ ಮೇಲಿನ ಚಿತ್ರಗಳನ್ನೆಲ್ಲ ಬರೆಯುವ ಭಾಗ, ಧೂಳು ಹೊದ್ದು ಮಲಗಿತ್ತು. ಊದಿ ತೆಗೆದೆ. ಕಾರ್ಡಿನ ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸಲು ಒಂದು ಪೇಸ್ಟು ಹಚ್ಚಿರುತ್ತಾರೆ. ಅದು ಒಣಗಿ ಸುಣ್ಣವಾಗಿತ್ತು. ಒರೆಸಿ ಹೊಸದು ಹಚ್ಚಿದೆ. ಒಂದು ಗಂಟೆ ಪೂರಾ ಕೆಲಸ ಕೊಟ್ಟು ಬೆವರಿಳಿಸಿದೆ. ಬಿಸಿ ಎಪ್ಪತ್ತೆರಡು ಡಿಗ್ರಿ ದಾಟಲಿಲ್ಲ. ಬೀಗುತ್ತಾ ವಾಪಸು ಕಳಿಸಿದೆ.

ಮಾರನೆಯ ದಿನವೇ ಗುಂಡಣ್ಣನ ಫೋನು. ಬಸ್ ಸ್ಟ್ಯಾಂಡಿನ ಮಲಯಾಳ ಅವರ ಕನ್ನಡದಲ್ಲೂ ನುಸುಳುತ್ತದೆ: ಮಗಳೇ ಅನ್ನಲು ಮೋಳೇ, ಗಾಡಿಗೆ ವಂಡಿ. "ಮೋಳೇ, ವಂಡಿ ಅಲ್ಲೇ ನಿಂತದೆ. ಅದೇ ತಿರುವು. ಅದ್ಯಾಕೆ ಅಲ್ಲೇ?"

"ಬಯಲಲ್ಲಿ ಬರೀ ಗದ್ದೆ, ಆಕಾಶ, ಗುಂಡಣ್ಣ. ಕಾಡಿಗೆ ಬಂದ್ರೆ ಆ ಕಾರ್ಡು ಒಂದೊಂದು ಎಲೆನೂ ಬರೀಬೇಕು. ಕೆಲಸ ಜಾಸ್ತಿ, ಬಿಸಿನೂ ಜಾಸ್ತಿ."

"ಓ! ಲೋಡ್ ವಂಡಿ ಏರು ಹತ್ತಿದಂಗೆ." ಅವರಿಗೆ ಖುಷಿಯೋ ಖುಷಿ. "ಶರಿ. ಆದ್ರೆ ನಿನ್ನ ಅಂಗಡೀಲಿ ಹತ್ತಿದ್ದು ನಮ್ಮನೇಲಿ ಅದ್ಯಾಕೆ ಹತ್ತಲ್ಲ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಗಿರಾಕಿಗಳ ಜೊತೆ ಮಾತಾಡುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಕಾರ್ಡು ಅದೇ, ಫ್ಯಾನು ಅದೇ. ಹಾಗಾದರೆ ಮನೆಯಲ್ಲಿ ಏನಿದೆ? ಭಾನುವಾರ ಮಧ್ಯಾಹ್ನ ಸ್ಕ್ರೂಡ್ರೈವರಿನ ಚೀಲ ಹಾಕಿಕೊಂಡು ಹಾಡಿಗೇ ಹೋದೆ.

ಕಿಟಕಿಯ ಪಕ್ಕದ ಮೇಜಿನ ಕೆಳಗೆ ಕಂಪ್ಯೂಟರ್ ಇತ್ತು. ಅದರ ಮುಂಭಾಗಕ್ಕೆ ತಂತಿಯಿಂದ ಬಿಗಿದು ಕಟ್ಟಿದ್ದ ತಗಡಿನ ಬೋರ್ಡನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಮೇಲೆ ಮಲಯಾಳದಲ್ಲಿ, ಕೆಳಗೆ ಕನ್ನಡದಲ್ಲಿ: ಮಾನಂದವಾಡಿ – ಬಾವಲಿ. ಕೆಲಸ ಬಿಟ್ಟ ದಿನ ಬಸ್ಸಿನ ಯಜಮಾನರು ಅದನ್ನು ಬಿಚ್ಚಿ ಗುಂಡಣ್ಣನಿಗೆ ಕೊಟ್ಟಿದ್ದರು. ನಾನು ಒಮ್ಮೆ ನೋಡಿ ಕಣ್ಣು ತೆಗೆದುಬಿಟ್ಟೆ.

ಕಾರಣವಿತ್ತು. ಅವರ ಕೊನೆಯ ಟ್ರಿಪ್ಪಿನಲ್ಲಿ ನಾನೂ ಇದ್ದೆ. ಡಿಪ್ಲೊಮಾ ಪರೀಕ್ಷೆ ಬರೆದು ಮನೆಗೆ ಹೊರಟಿದ್ದೆ. ಬಾವಲಿಗೆ ನಾಲ್ಕು ಕಿಲೋಮೀಟರು ಇದ್ದಾಗ, ನಡುಕಾಡಿನಲ್ಲಿ, ಬಸ್ಸು ಪಕ್ಕಕ್ಕೆ ಸರಿದು ನಿಂತಿತು. "ಕಣ್ಣಿಗೆ ಏನೋ ಕಪ್ಪು ಇಳೀತಾ ಅದೆ. ನಿಮ್ಮನ್ನೆಲ್ಲ ಇಟ್ಕೊಂಡು ಇನ್ನು ಓಡ್ಸಲ್ಲ," ಎಂದರು ಗುಂಡಣ್ಣ. ಇನ್ನೊಂದು ಬಸ್ಸು ಬರಲು ಒಂದೂವರೆ ಗಂಟೆ ಹಿಡಿಯಿತು. ನನಗೆ ಹಸಿವು, ಆನೆಯ ಭಯ, ಹುಟ್ಟಿನಿಂದ ಬಂದ ಸಿಟ್ಟು ಬೇರೆ. ಕಣ್ಣು ಕಾಣದವರಿಗೆ ಲೈಸೆನ್ಸ್ ಕೊಟ್ಟವರನ್ನು ಹಿಡಿದು ಹೊಡೆಯಬೇಕು ಎಂದು ಬಸ್ಸಿಗೆಲ್ಲ ಕೇಳುವಂತೆ ಅಂದುಬಿಟ್ಟೆ. ಅವರು ತಿರುಗಿ ನೋಡಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತೇ ಇದ್ದರು. ಆ ಮಾತನ್ನು ನೆನೆದರೆ ನಾಚಿಕೆಯಾಗುತ್ತದೆ. ಮೂರು ವರ್ಷದಲ್ಲಿ ಒಂದು ದಿನವೂ ಕ್ಷಮೆ ಕೇಳಿರಲಿಲ್ಲ.

ಹಾಗಾಗಿ ಆ ಬೋರ್ಡಿನ ಕಡೆ ಬಿಟ್ಟು ಬೇರೆಲ್ಲ ಕಡೆ ಹುಡುಕಿದೆ. ಕರೆಂಟು ಅಳೆದೆ, ಸರಿಯಿತ್ತು. ಹಿಂದಿನ ಫ್ಯಾನಿಗೆ ಕಾಗದದ ಚೂರು ಹಿಡಿದೆ. ಹೊರಗೆ ತಳ್ಳಿತು, ಅದೂ ಸರಿ. ಕಿಟಕಿಯ ಬಿಸಿಲು ಕಾರಣವಿರಬಹುದೆಂದು ಕರ್ಟನ್ ಎಳೆದೆ. ಗುಂಡಣ್ಣ ಬಸ್ಸು ಹೊರಡಿಸಿದರು. ಕಾಟಿಕುಳದಲ್ಲಿ ಎಂಬತ್ತೆಂಟು ಡಿಗ್ರಿ. ತಿರುವಿನಲ್ಲಿ ತೊಂಬತ್ತೈದು. ಪರದೆ ಕಪ್ಪು.

ಪಕ್ಕದ ಮುಚ್ಚಳ ತೆಗೆದು ಮತ್ತೆ ಹೊರಡಿಸಿದೆವು. ಈ ಸಲ ಎಪ್ಪತ್ತು ದಾಟುವ ಲಕ್ಷಣವೇ ಇಲ್ಲ. "ಮುಚ್ಚಿದ್ರೆ ಉಸಿರು ಕಟ್ತದೆ ಇದಕ್ಕೆ. ಆದ್ರೆ ಅಂಗಡೀಲಿ ಮುಚ್ಚಿಯೇ ಓಡ್ಸಿದ್ದೆ!" ಎಂದು ಡಬ್ಬವನ್ನು ಗುರಾಯಿಸಿದೆ. ಗುಂಡಣ್ಣ ಕಾಡು ಮುಟ್ಟುವ ಮೊದಲೇ ಬಸ್ಸು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಮೋಳೇ, ಇದು ಗಾಳಿ ಎಲ್ಲಿಂದ ಎಳ್ಕೊಳ್ಳೋದು?"

"ಮುಂದಿಂದ. ಬಸ್ಸಿನ ರೇಡಿಯೇಟರ್ ಥರಾನೇ."

ಅವರು ಕುರ್ಚಿಯಿಂದ ಇಳಿದು, ನೆಲದ ಮೇಲೆ ಕೂತು, ಬೋರ್ಡಿಗೂ ಡಬ್ಬಕ್ಕೂ ನಡುವೆ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ.

"ಡಿಸೆಂಬರ್ ಚಳೀಲಿ ರೇಡಿಯೇಟರ್ ಮುಂದೆ ಗೋಣಿ ಕಟ್ತಿದ್ವಿ, ಎಂಜಿನ್ ಬೇಗ ಬಿಸಿ ಆಗ್ಲಿ ಅಂತ. ಹೊತ್ತೇರಿದ ಮೇಲೆ ಬಿಚ್ಚೋಕೆ ಮರೆತವನಿಗೆ ಎಷ್ಟು ಬೈದಿದೀನಿ ನಾನು! ಈಗ ನಾನೇ ಕಟ್ಟಿದೀನಿ." ಸೀತಕ್ಕನ ಕಡೆ ನೋಡಿದರು. "ಅಂಗಡಿಗೆ ಕಳಿಸುವಾಗ ಇದನ್ನ ಬಿಚ್ಚಿದ್ಯಾ?"

"ಜೀಪಲ್ಲಿ ಎಲ್ಲಾದ್ರೂ ಬಿದ್ಹೋದ್ರೆ ನಿಮ್ಮ ಜೀವಾನೇ ಹೋಗ್ತದಲ್ಲ ಅಂತ ಬಿಚ್ಚಿಟ್ಟೆ," ಎಂದರು ಸೀತಕ್ಕ.

ಡಿಪ್ಲೊಮಾ ನನ್ನದು, ಅಂಗಡಿ ನನ್ನದು, ಕಣ್ಣೆರಡೂ ನೆಟ್ಟಗಿವೆ. ನೋಡಬೇಕಾದ ಒಂದೇ ಜಾಗವನ್ನು ನೋಡಲು ಧೈರ್ಯವಿರಲಿಲ್ಲ, ಅಷ್ಟೇ.

ತಂತಿಯನ್ನು ಅವರೇ ಬಿಚ್ಚಿದರು. ಬೋರ್ಡನ್ನು ಲುಂಗಿಯ ಅಂಚಿನಿಂದ ಒರೆಸಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ತಮ್ಮಷ್ಟಕ್ಕೆ ನಕ್ಕು, ಅದನ್ನು ಪರದೆಯ ಮೇಲ್ಗಡೆ ಗೋಡೆಯ ಮೊಳೆಗೆ ನೇತುಹಾಕಿದರು. "ಬಸ್ಸಲ್ಲೂ ಇದು ಗ್ಲಾಸಿನ ಮೇಲೇ ಇತ್ತು. ನನಗ್ಯಾಕೆ ಹೊಳೀಲಿಲ್ಲ?"

ಮುಚ್ಚಳ ಹಾಕಿದೆ. ಮೊದಲಿಂದ ಹೊರಟೆವು. ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಡಿಗ್ರಿ ಕೂಗುತ್ತಿದ್ದೆ, ಅವರು ಹಾರ್ನ್ ಹೊಡೆಯುತ್ತಿದ್ದರು. ಕಾಟಿಕುಳದಲ್ಲಿ ಅರವತ್ತೆಂಟು. ಕಾಡು ಶುರುವಾಯಿತು, ಎಪ್ಪತ್ತೊಂದು. ಆ ತಿರುವು ಬಂದಾಗ ಸೀತಕ್ಕ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಎಪ್ಪತ್ನಾಲ್ಕು. ತಿರುವು ಹಿಂದೆ ಸರಿಯಿತು. ಕೊನೆಯ ನಾಲ್ಕು ಕಿಲೋಮೀಟರನ್ನು ಗುಂಡಣ್ಣ ನಿಜವಾದ ಜನ ಕೂತಿದ್ದಾರೇನೋ ಎಂಬಂತೆ ನಿಧಾನವಾಗಿ ಓಡಿಸಿದರು.

ಬಾವಲಿಯ ಗಡಿ ಚೆಕ್‌ಪೋಸ್ಟಿನ ಗೇಟು ಕಂಡಿತು. ಬಸ್ಸು ನಿಂತಿತು. ಅವರ ಕೈ ಅಲ್ಲಿಲ್ಲದ ಹ್ಯಾಂಡ್‌ಬ್ರೇಕನ್ನು ಹುಡುಕಿ ಸುಮ್ಮನಾಯಿತು. ಪರದೆಯನ್ನೇ ನೋಡುತ್ತಾ ಹೇಳಿದರು:

"ಇಳಿ ಮೋಳೇ, ಬಾವಲಿ ಬಂತು. ಅವತ್ತು ನಿನ್ನ ಕಾಡಲ್ಲೇ ಇಳಿಸ್ಬಿಟ್ಟೆ."

"ಅವತ್ತು ನಾನಂದ ಮಾತು ತಪ್ಪಾಯ್ತು ಗುಂಡಣ್ಣ," ಎಂದೆ.

ಅವರು ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿದರು. ಇಂಜೆಕ್ಷನ್ನಿನ ಬಗ್ಗೆ, ಮ್ಯಾಪಿನ ಬಗ್ಗೆ ಕೇಳುತ್ತಿದ್ದ ಅದೇ ಮುಖ.

"ಅದ್ಯಾಕೆ?" ಎಂದರು.