ರದ್ದಾದ ಶಾಖೆಯ ಕೋಡ್

ಶಾಲಾ ಸಮವಸ್ತ್ರ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಬಾಡಿಗೆ, ಮಗಳ ಓದು ಎಲ್ಲವನ್ನೂ ಒಂದೇ ಮಿಷನ್ನಿನಲ್ಲಿ ತೂಗಿಸಿದವಳು. ಮಾತು ಮಾತ್ರ ಕತ್ತರಿಗಿಂತ ಹರಿತ. ಟೈಲರಕ್ಕನ ಬಾಯಿಗೆ ಬೀಳಬೇಡಿ ಎಂದು ಓಣಿಯವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ತಾಯಿ ಇದ್ದದ್ದು ದೂರದ ಊರಿನಲ್ಲಿ, ಲಾರಿ ಓಡಿಸುವ ತಮ್ಮನ ಮನೆಯಲ್ಲಿ. ತಾಯಿಯ ಕಣ್ಣಿನ ಪೊರೆ ತೆಗೆಸಲೆಂದು ಅವಳು ತಮ್ಮನ ಖಾತೆಗೆ ಹಣ ಕಳಿಸಿದಳು. ಬ್ಯಾಂಕ್ ಶಾಖೆಯ ಕೋಡನ್ನು ಅವನ ಹಳೆಯ ಪಾಸ್‌ಬುಕ್ಕಿನ ಫೋಟೊ ನೋಡಿ ಬರೆದಳು. ಈಗಲೂ ಅದೇ ಕೋಡಾ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಕೆಲವು ದಿನ ಬಿಟ್ಟು ತಮ್ಮ ಫೋನು ಮಾಡಿ, ಹಣ ಬಂದಿಲ್ಲ ಎಂದ. ಹಿಂದೊಮ್ಮೆ ಅವನು ಇಸ್ಪೀಟಿನಲ್ಲಿ ಸಂಬಳ ಕಳೆದದ್ದು ಅವಳ ತಲೆಯಿಂದ ಹೋಗಿರಲಿಲ್ಲ.

"ಅಮ್ಮನ ಕಣ್ಣಿನ ದುಡ್ಡನ್ನೂ ನುಂಗಿಬಿಟ್ಯೇನೋ?" ಎಂದಳು.

ಅವನು ಫೋನಿಟ್ಟ. ತಾಯಿ ಅವನ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಪುರಾವೆ ಹಿಡಿದು ಅವನ ಬಾಯಿ ಮುಚ್ಚಿಸಬೇಕೆಂದೇ ಬ್ಯಾಂಕಿಗೆ ಹೋದಳು. ಕೌಂಟರಿನವನು ಕಂಪ್ಯೂಟರ್ ನೋಡಿ ವಿವರಿಸಿದ: ಕೋಡಿನ ಮೊದಲ ಅಕ್ಷರಗಳು ಬ್ಯಾಂಕು ಯಾವುದೆಂದು ಹೇಳುತ್ತವೆ, ಕೊನೆಯವು ಶಾಖೆ ಯಾವುದೆಂದು. ತಮ್ಮನ ಶಾಖೆಯನ್ನು ಇನ್ನೊಂದರ ಜೊತೆ ಸೇರಿಸಿದ್ದರು. ಹಳೆಯ ಕೋಡ್ ರದ್ದಾಗಿತ್ತು. ಹಣ ಮರುದಿನವೇ ಅವಳ ಖಾತೆಗೆ ವಾಪಸ್ ಬಂದು ಕೂತಿತ್ತು. ಮೆಸೇಜು ಫೋನಿನಲ್ಲೇ ಇತ್ತು, ಅವಳು ತೆರೆದಿರಲಿಲ್ಲ.

ಹೊರಗೆ ಬಂದು ತಮ್ಮನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಅಷ್ಟರಲ್ಲಿ ಅವನು ತನ್ನ ಬೈಕು ಮಾರಿ ಒಂದು ಕಣ್ಣಿನ ಆಪರೇಷನ್ ಮಾಡಿಸಿಬಿಟ್ಟಿದ್ದ. ಕಪ್ಪು ಕನ್ನಡಕ ಹಾಕಿಕೊಂಡ ತಾಯಿ ಮಗಳ ಕೈ ಹಿಡಿದಳು. ತಪ್ಪಾಯಿತು, ಕೋಡ್ ಬದಲಾದದ್ದು ತಿಳಿಯಲಿಲ್ಲ ಎಂದು ಇವಳು ತಡವರಿಸಿದಳು.

"ಕೋಡ್ ಯಾರಿಗಾದ್ರೂ ತಪ್ಪುತ್ತೆ ಅಕ್ಕಾ. ನಂಗೂ ಗೊತ್ತಿರ್ಲಿಲ್ಲ," ಎಂದ ತಮ್ಮ. "ಆದ್ರೆ ನನ್ನನ್ನ ಕಳ್ಳ ಅನ್ನೋಕೆ ನಿಂಗೆ ಒಂದು ಕ್ಷಣಾನೂ ಬೇಕಾಗ್ಲಿಲ್ಲ."

ಬೈಕಿಗೆ ಬದಲಾಗಿ ಅವಳು ಕೊಡಹೋದ ಹಣವನ್ನು ಎಷ್ಟು ಒತ್ತಾಯಿಸಿದರೂ ಅವನು ಮುಟ್ಟಲಿಲ್ಲ. ಎರಡನೆಯ ಕಣ್ಣಿನ ಖರ್ಚು ಮಾತ್ರ ಅವಳು ಹಟ ಹಿಡಿದು ತಾನೇ ಕಟ್ಟಿದಳು. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕತಮ್ಮ ಅಕ್ಕಪಕ್ಕ ಕೂತರು. ಅವನು ಎದ್ದು ಹೋಗಿ ಅವಳಿಗೊಂದು ಚಹಾ ತಂದುಕೊಟ್ಟ, ಸಕ್ಕರೆ ಕಡಿಮೆ ಹಾಕಿಸಿ, ಅವಳು ಕುಡಿಯುವ ಹಾಗೆಯೇ. ಅದರ ಬದಲು ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವಳಿಗನ್ನಿಸಿತು.