ಸ್ಟ್ಯಾನಿ ನೋಡಿ ಬಂದ ಸರೋವರ

ನನ್ನಲ್ಲೊಂದು ದೋಷವಿದೆ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಗೆಳೆಯರ ಪ್ರವಾಸದ ಫೋಟೋಗಳನ್ನು ನಾನು ಸಂತೋಷದಿಂದ ನೋಡಲಾರೆ. ಪ್ಯಾರಿಸ್ಸೋ ಲಂಡನ್ನೋ ಆದರೆ ಚಿಂತೆಯಿಲ್ಲ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ನಾನು ಮನಸ್ಸಿನಲ್ಲಿ ಕಾದಿರಿಸಿಕೊಂಡ ಊರಿಗೆ ಬೇರೆಯವರು ಹೋಗಿ ಬಂದರೆ ಮಾತ್ರ, ನಮ್ಮ ಅಡುಗೆಮನೆಗೆ ನುಗ್ಗಿ ತಾವೇ ಚಹಾ ಮಾಡಿಕೊಂಡು ಕುಡಿದು ಹೋದರೇನೋ ಎಂಬಷ್ಟು ಸಿಟ್ಟು ಬರುತ್ತದೆ.

ಹಾಗೆ ಕಾದಿರಿಸಿಕೊಂಡದ್ದು ಉಜ್ಬೆಕಿಸ್ತಾನವನ್ನು. ಹುಬ್ಬಳ್ಳಿಯ ಶಾಲೆಯಲ್ಲಿದ್ದಾಗ ಅಟ್ಲಾಸಿನಲ್ಲಿ ಆ ಭಾಗವೆಲ್ಲ ಹಳದಿ ಬಣ್ಣ, ನಡುವೆ ಖೀವಾ, ಬುಖಾರಾ ಎಂಬ ಸಣ್ಣ ಅಕ್ಷರಗಳು. ವಾಷಿಂಗ್ಟನ್ ರಾಜ್ಯದ ರೆಡ್ಮಂಡಿಗೆ ಬಂದು ಅಲ್ಲಿನ ಓವರ್‌ಲೇಕ್ ಬಡಾವಣೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಹದಿನೈದು ವರ್ಷವಾದರೂ ಆ ಹಳದಿ ಹೋಗಿರಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ, ಸಮೋಸ ಬಡಿಸಿದ ಕೂಡಲೇ, ಅದು ಅಲ್ಲಿನ ಸೋಮ್ಸಾದ ನೆಂಟ ಎಂದು ಶುರುಮಾಡುತ್ತಿದ್ದೆ. ಜನ ಚಟ್ನಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದರು. ಏಳದೆ ಕೂತು ಕೇಳುತ್ತಿದ್ದವನು ಸ್ಟ್ಯಾನಿ ಒಬ್ಬನೇ.

ಸ್ಟ್ಯಾನಿ ಮಂಗಳೂರಿನವನು, ನಮ್ಮ ಎದುರು ಮನೆ. ದಿನಾ ಬೆಳಿಗ್ಗೆ ಸರೋವರದ ಸೇತುವೆ ದಾಟಿ ಆಚೆ ನಗರದ ಫ್ರೀಮಾಂಟಿನ ಆಫೀಸಿಗೆ ಹೋಗುತ್ತಾನೆ. ಮೀನು ಹಿಡಿಯುವುದು, ಅದನ್ನು ಹುರಿಯುವುದು, ಇವೆರಡು ಬಿಟ್ಟರೆ ಅವನಿಗೆ ಬೇರೆ ಹುಚ್ಚಿರಲಿಲ್ಲ. ಎರಡು ಚಳಿಗಾಲ ನನ್ನ ಮಾತು ಕೇಳಿದ ಮೇಲೆ ಒಂದು ದಿನ, ಹೋಗಿಯೇ ಬಿಡುವ ಎಂದ. ನಾನು ಒಂದಿಡೀ ನೋಟ್‌ಬುಕ್ಕಿನಲ್ಲಿ ಯೋಜನೆ ಬರೆದೆ. ಯಾವ ಊರಿನಲ್ಲಿ ಎಷ್ಟು ದಿನ, ಯಾವ ಮಿನಾರಿಗೆ ಯಾವ ಹೊತ್ತಿನ ಬಿಸಿಲು ಒಪ್ಪುತ್ತದೆ, ಎಲ್ಲವೂ ಇತ್ತು. ಹೊರಡಲು ಮೂರು ವಾರ ಇರುವಾಗ ಆಫೀಸಿನಲ್ಲಿ ವಿಪರೀತ ಕೆಲಸ, ರಜೆ ಸಿಗುವುದಿಲ್ಲ ಎಂದು ಹೇಳಿ ಹಿಂದೆ ಸರಿದೆ. ಸ್ಟ್ಯಾನಿಯೂ ಟಿಕೆಟ್ ರದ್ದು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ನೋಟ್‌ಬುಕ್ ಕೇಳಿ ತೆಗೆದುಕೊಂಡು ಒಬ್ಬನೇ ಹೋದ.

ಸಂಸ್ಕೃತದವರು ಈ ಭಾವಕ್ಕೆ ಅಸೂಯೆ, ಮತ್ಸರ ಎಂದು ಮರ್ಯಾದೆಯ ಹೆಸರುಗಳನ್ನು ಕೊಟ್ಟಿದ್ದಾರೆ. ಇಂಗ್ಲಿಷಿನವರು ಹಸಿರು ಬಣ್ಣ ಬಳಿದಿದ್ದಾರೆ. ಅದು ದೇಹದಲ್ಲಿ ಎಲ್ಲಿರುತ್ತದೆ ಎಂದು ಸರಿಯಾಗಿ ತೋರಿಸಿದವರು ಕನ್ನಡಿಗರೇ. ಹೊಟ್ಟೆಯಲ್ಲಿ ಕಿಚ್ಚು. ಆ ಎರಡು ವಾರ ನಾನು ಮಜ್ಜಿಗೆ ಕುಡಿದಷ್ಟು ಹಿಂದೆಂದೂ ಕುಡಿದಿಲ್ಲ. ಫೋನಿಗೆ ಆಗಾಗ ಚಿತ್ರಗಳು ಬರುತ್ತಿದ್ದವು. ಖೀವಾದ ಮಣ್ಣಿನ ಕೋಟೆಗೋಡೆ, ಅರ್ಧಕ್ಕೇ ನಿಂತ ನೀಲಿ ಮಿನಾರು, ಕಿಜಿಲ್‌ಕುಮ್ ಮರಳುಗಾಡಿನ ನಡುವೆ ಐದಾರ್‌ಕುಲ್ ಎಂಬ ಸರೋವರ. ಅದರ ದಡದಲ್ಲಿ ಸ್ಟ್ಯಾನಿ ಊರಿನ ಬಾಫತ್ ಮಸಾಲೆ ಪುಡಿ ಹಚ್ಚಿ ಮೀನು ಹುರಿದು ಡ್ರೈವರನಿಗೆ ಬಡಿಸುತ್ತಿದ್ದಾನೆ. ನಾನು ಸಸ್ಯಾಹಾರಿ. ಆದರೂ ಆ ಮೀನಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಸಮಾಧಾನಕ್ಕೆಂದು ಒಂದು ಶನಿವಾರ ಹೆಂಡತಿ ಶೈಲಾಳನ್ನು ಕೂರಿಸಿಕೊಂಡು ಬೆಟ್ಟಸಾಲು ದಾಟಿ ಪೂರ್ವಕ್ಕೆ ಡ್ರೈವ್ ಮಾಡಿದೆ. ನಮ್ಮ ವಾಷಿಂಗ್ಟನ್ನಿನಲ್ಲೂ ಆ ಕಡೆ ಒಣನೆಲವಿದೆ, ಕಲ್ಲುಬಂಡೆಗಳ ನಡುವೆ ಸರೋವರಗಳಿವೆ. ಪ್ರಾಚೀನ ನಗರವೊಂದು ಕಡಿಮೆ ಬಿತ್ತು. ಅಲ್ಲಿ ನನಗೆ ಕಂಡ ಅತಿ ಪ್ರಾಚೀನ ವಸ್ತು ಪೆಟ್ರೋಲ್ ಬಂಕಿನಲ್ಲಿ ಕೊಂಡ ಸ್ಯಾಂಡ್‌ವಿಚ್.

ಸ್ಟ್ಯಾನಿ ಮರಳಿದ. ಜನ ಅವನನ್ನು ಮುತ್ತಿಕೊಂಡರು. ನನ್ನ ಸಮೋಸ ಪುರಾಣಕ್ಕೆ ಎದ್ದು ಹೋಗುತ್ತಿದ್ದವರೇ ಅವನ ಸೋಮ್ಸಾ ಕಥೆಯನ್ನು ಎರಡೆರಡು ಸಲ ಹೇಳಿಸಿದರು. ಒಂದು ಭಾನುವಾರ ಲೈಬ್ರರಿಯ ಕೋಣೆಯಲ್ಲಿ ನಮ್ಮ ಕನ್ನಡ ಬಳಗದವರು ಅವನಿಂದ ಚಿತ್ರಗಳ ಸಮೇತ ಮಾತಾಡಿಸಿದರು. ಮೊದಲ ವಾಕ್ಯದಲ್ಲೇ ಅವನು ನನ್ನ ಹೆಸರು ಹೇಳಿ, ಈ ದಾರಿಯೆಲ್ಲ ತೋರಿಸಿಕೊಟ್ಟವನು ಇವನು ಎಂದ. ಚಪ್ಪಾಳೆಯಾಯಿತು. ಅಲ್ಲಿಗೆ ನಾನು ತಣ್ಣಗಾಗಬೇಕಿತ್ತು. ಆದರೆ ಸರೋವರದ ಚಿತ್ರ ಬಂದಾಗ ಅವನು, ಸಾವಿರಾರು ವರ್ಷಗಳಿಂದ ಒಂಟೆಗಳು ಇಲ್ಲಿ ನೀರು ಕುಡಿಯುತ್ತಿವೆ ಎಂದುಬಿಟ್ಟ. ನಾನು ಎದ್ದು ನಿಂತೆ. ಆ ಸರೋವರ ಪ್ರಾಚೀನವೇ ಅಲ್ಲ, ಪ್ರವಾಹದ ವರ್ಷ ಅಣೆಕಟ್ಟಿನ ಬಾಗಿಲು ತೆಗೆದಾಗ ತಗ್ಗಿನಲ್ಲಿ ನಿಂತ ನೀರು, ನನಗಿಂತ ನಾಲ್ಕೈದು ವರ್ಷ ಹಿರಿಯದು ಅಷ್ಟೇ ಎಂದೆ. ಅಲ್ಲಿಗೂ ನಿಲ್ಲಿಸದೆ, ಹೋಗಿ ಬಂದವರು ಇಷ್ಟಾದರೂ ತಿಳಿದಿರಬೇಕು ಎಂದೂ ಸೇರಿಸಿದೆ. ಸ್ಟ್ಯಾನಿ, ಹೌದಾ, ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಉಳಿದ ಚಿತ್ರಗಳನ್ನು ಬೇಗ ಬೇಗ ತೋರಿಸಿ ಮುಗಿಸಿದ.

ಕಾರಿನಲ್ಲಿ ಶೈಲಾ ಬೆಲ್ಟ್ ಹಾಕಿಕೊಂಡಳು. ಆಮೇಲೆ ಹೇಳಿದಳು. “ನಿಮಗ ಹೊಟ್ಟಿಕಿಚ್ಚು ಆಗೇದ. ಅದನ್ನ ಮಂದಿ ಮುಂದ ಭೂಗೋಳ ಅಂತ ಯಾಕ ಹೇಳ್ತೀರಿ?”

ನಾಲ್ಕು ದಿನ ಎದುರು ಮನೆಯ ಬಾಗಿಲು ನನ್ನ ಕಣ್ಣಿಗೆ ಬೀಳದಂತೆ ಓಡಾಡಿದೆ. ಎದುರು ಮನೆಯ ಬಾಗಿಲು ಕಣ್ಣಿಗೆ ಬೀಳದಂತೆ ಓಡಾಡುವುದು ಎಷ್ಟು ಕಷ್ಟವೆಂದು ಬೇಕಾದರೆ ಮಾಡಿ ನೋಡಿ. ಐದನೆಯ ದಿನ ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಸ್ಟ್ಯಾನಿ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ. ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದ, ತಲೆ ಎತ್ತಲಿಲ್ಲ. ಆಗ ಯಾರಿಗೂ ಹೇಳದ್ದನ್ನು ಹೇಳಿದೆ. ಆಫೀಸಿನಲ್ಲಿ ಅಂಥ ಕೆಲಸವೇನೂ ಇರಲಿಲ್ಲ, ಮ್ಯಾನೇಜರು ಹೋಗಿ ಬಾ ಎಂದೇ ಹೇಳಿದ್ದರು. ನಾನು ಹೆದರಿದೆ. ಭಾಷೆ ಬಾರದ ಊರು, ಮಾಂಸದ ಊಟ, ಮರಳುಗಾಡಿನಲ್ಲಿ ಆರೋಗ್ಯ ಕೆಟ್ಟರೆ ಗತಿಯೇನು ಎಂದು ಯೋಚಿಸಿ ಯೋಚಿಸಿ, ಅಟ್ಲಾಸೇ ಸುಖ ಎನ್ನಿಸಿತು.

ಸ್ಟ್ಯಾನಿ ಚೂರಿ ಕೆಳಗಿಟ್ಟು ಕೈ ತೊಳೆದುಕೊಂಡ.

“ನನಗೆ ಅಲ್ಲಿ ಆರೋಗ್ಯ ಕೆಟ್ಟಿತ್ತು ಮಾರಾಯ. ಖೀವಾದಲ್ಲಿ ಮೂರು ದಿನ ಏಳ್ಲಿಕ್ಕೇ ಆಗ್ಲಿಲ್ಲ. ಮನೇಲಿ ಸಹ ಯಾರಿಗೂ ಹೇಳ್ಲಿಲ್ಲ.”

ಅವನು ತಂಗಿದ್ದ ಮನೆಯ ಅಜ್ಜಿ ಮೂರು ದಿನ ಮೊಸರು, ಹಸಿರು ಚಹಾ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ, ಅರ್ಥವಾಗದ ಭಾಷೆಯಲ್ಲಿ ಬೈಯುತ್ತಾ ನೋಡಿಕೊಂಡಿದ್ದಳಂತೆ. ಇವನು ತನ್ನ ಕೊಂಕಣಿಯಲ್ಲಿ ಉತ್ತರಿಸುತ್ತಿದ್ದನಂತೆ. ಮೂರನೆಯ ದಿನ ಜ್ವರ ಇಳಿದಾಗ ಆಕೆ ಇವನ ಕೆನ್ನೆ ಹಿಡಿದು ಅಲ್ಲಾಡಿಸಿದಳು, ಇವನು ಮಗುವಿನ ಹಾಗೆ ಅತ್ತುಬಿಟ್ಟ. ಲೈಬ್ರರಿಯಲ್ಲಿ ಇದನ್ನೆಲ್ಲ ಹೇಗೆ ಹೇಳುವುದು ಎಂದ.

“ನೀನಿದ್ದಿದ್ರೆ ಅಷ್ಟು ಹೆದರಿಕೆ ಆಗ್ತಿರ್ಲಿಲ್ಲ” ಎಂದೂ ಹೇಳಿದ.

ನೀವು ನಂಬುವುದಾದರೆ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಅವನ ಜ್ವರದ ಮೇಲೂ ಹೊಟ್ಟೆಕಿಚ್ಚಾಯಿತು. ಮಿನಾರು, ಮರಳು ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಆ ಅಜ್ಜಿ ಇರಲಿಲ್ಲ. ದಾರಿಯನ್ನು ನಾನು ಕೊಟ್ಟಿದ್ದೆ, ಅದರಲ್ಲಿ ನಡೆದದ್ದೆಲ್ಲ ಅವನದು. ಪ್ರತಿವರ್ಷ ಎಷ್ಟೋ ಜನ ಖೀವಾಕ್ಕೆ ಹೋಗುತ್ತಾರೆ, ಅವರ ಮೇಲೆ ನನಗೆ ಏನೂ ಅನ್ನಿಸಿದ್ದಿಲ್ಲ. ಅವನ ಪಕ್ಕದ ಸೀಟಿನಲ್ಲಿ ಕೂರಬೇಕಾದವನು ನಾನು, ಕೂರಲಿಲ್ಲ. ಉರಿದದ್ದು ಅಲ್ಲಿ.

ಮರುವರ್ಷದ ಶರತ್ಕಾಲದಲ್ಲಿ ನಾನೂ ಶೈಲಾಳೂ ಹೋದೆವು. ಸ್ಟ್ಯಾನಿಗೆ ಆಗ ಮಗಳ ಕಾಲೇಜಿನ ಗಡಿಬಿಡಿ, ಬರಲಾಗಲಿಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದ ನನಗೆ ಅಲ್ಲಿನ ರೊಟ್ಟಿ, ಮೊಸರು, ಟೊಮೆಟೊ ಧಾರಾಳವಾಗಿ ಸಾಕಾಯಿತು. ಹೆದರಿದ್ದು ಯಾವುದೂ ಆಗಲಿಲ್ಲ. ಇದೂ ಒಂದು ಸಣ್ಣ ಅವಮಾನವೇ. ಹನ್ನೊಂದನೆಯ ದಿನ ಸಂಜೆ ಮರಳ ದಿಬ್ಬ ಹತ್ತಿ ನಿಂತಾಗ ಐದಾರ್‌ಕುಲ್ ಕಂಡಿತು. ಕಣ್ಣು ಹೋದಷ್ಟು ದೂರ ನೀರು, ಆಚೆ ದಡವೇ ಇಲ್ಲ, ಒಂದು ಹಿಂಡು ಬಿಳಿ ಹಕ್ಕಿ ತಗ್ಗಿ ಹಾರುತ್ತಿತ್ತು. ಅದು ಯಾವ ಇಸವಿಯಲ್ಲಿ ಹುಟ್ಟಿತು ಎಂಬುದು ನನಗೆ ನೆನಪಾಗಲಿಲ್ಲ. ನನಗರಿವಿಲ್ಲದೆ ಬಾಯಿಂದ ಬಂದ ಮಾತು ಬೇರೆಯೇ.

“ಛೇ, ಇದನ್ನ ಸ್ಟ್ಯಾನಿ ನೋಡಬೇಕಿತ್ತು” ಎಂದೆ.

ಶೈಲಾ ನನ್ನ ಮುಖವನ್ನೇ ನೋಡಿದಳು. ಅವನು ಇದನ್ನು ಆಗಲೇ ನೋಡಿದ್ದಾನೆ ಎಂಬುದು ನೆನಪಾಗಲು ನನಗೆ ದಿಬ್ಬ ಇಳಿದು ನೀರಿನ ಹತ್ತಿರ ಹೋಗುವಷ್ಟು ಹೊತ್ತು ಬೇಕಾಯಿತು.